ತಾಹಿತಿಯ ವೇಷದಲ್ಲಿ ಅಮೃತಾ

ಬತ್ತಲೆಯ ರೂಪವೆಂಬುದು ನಮ್ಮ ಸೀಮೆಯವರ ಕಣ್ಣಿಗೆ ಹೊಸದಲ್ಲ. ನಾನು ಹೆಬ್ಬೂರಿನವನು. ಹೆಬ್ಬೂರಿನಿಂದ ಕುಣಿಗಲ್ ಮಾರ್ಗ ಹಿಡಿದು, ಯಡಿಯೂರು, ಬೆಳ್ಳೂರು ಕ್ರಾಸು ದಾಟಿ ಹೋದರೆ ಅರ್ಧ ದಿನದೊಳಗೆ ಶ್ರವಣಬೆಳಗೊಳದ ಬೆಟ್ಟದ ಬುಡದಲ್ಲಿರಬಹುದು. ಅಲ್ಲಿ ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ ೫೮ ಅಡಿಯ ಎತ್ತರಕ್ಕೆ ಒಂದು ನೂಲೆಳೆಯೂ ಇಲ್ಲದೆ ನಿಂತಿದ್ದಾನೆ. ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಹತ್ತಿ ಹೋಗಿ ಕೈಮುಗಿದು ಬರುತ್ತಾರೆ. ಬೇಲೂರಿನ ಮದನಿಕೆಯರಲ್ಲಿ ಒಬ್ಬಳು ಸೀರೆಯೊಳಗೆ ಸೇರಿದ ಚೇಳನ್ನು ಕೊಡವಿ ಹಾಕಿ ಬರಿಮೈಯಲ್ಲಿ ನಿಂತಿದ್ದಾಳೆ. ಶಾಲೆಯ ಪ್ರವಾಸದ ಮಕ್ಕಳಿಗೆ ಮೇಷ್ಟರೇ ಅವಳನ್ನು ಬೆರಳು ಮಾಡಿ ತೋರಿಸುತ್ತಾರೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯಂತೂ ತಲೆಯ ಜಾಗದಲ್ಲಿ ಕಮಲವನ್ನಿಟ್ಟುಕೊಂಡು, ಹೆರುವ ಭಂಗಿಯಲ್ಲಿ, ಯಾವ ಸಂಕೋಚವೂ ಇಲ್ಲದೆ ಕುಳಿತಿದ್ದಾಳೆ.

ಇಷ್ಟೆಲ್ಲ ಕಂಡ ನಾವೇ ಆಧುನಿಕ ಚಿತ್ರಕಲೆಯ ಪುಸ್ತಕವೊಂದನ್ನು ತೆರೆದು, ಅದರಲ್ಲೊಂದು ನಗ್ನಚಿತ್ರ ಎದುರಾದರೆ ಹಾಳೆಯನ್ನು ಬೇಗ ಮಗುಚುತ್ತೇವೆ. ಮನೆಗೆ ಯಾರಾದರೂ ಬಂದಿದ್ದರೆ ಪುಸ್ತಕವನ್ನೇ ಮುಚ್ಚುತ್ತೇವೆ. ಇದೇಕೆ? ಪಾಶ್ಚಾತ್ಯರ ಕಲೆ ಅಶ್ಲೀಲ, ನಮ್ಮದು ಪವಿತ್ರ ಎಂದು ಒಂದು ಪಕ್ಷದವರು ಹೇಳುತ್ತಾರೆ. ನಮ್ಮ ಮಧ್ಯಮ ವರ್ಗದವರಿಗೆ ಮಡಿವಂತಿಕೆ ಹೆಚ್ಚು ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಉತ್ತರಗಳೂ ನನಗೆ ಸಾಲವು. ನಮ್ಮ ಮುಜುಗರದಲ್ಲಿ ಒಂದು ಪಾಲಿನಷ್ಟು ವಿವೇಕವೂ ಇದೆಯೆಂದು ನನ್ನ ನಂಬಿಕೆ. ಅದು ಯಾವ ವಿವೇಕ ಎಂಬುದನ್ನು ಒಂದೇ ಚಿತ್ರದ ಮುಂದೆ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ಚಿತ್ರ ಅಮೃತಾ ಶೇರ್‌ಗಿಲ್ ೧೯೩೪ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ‘ತಾಹಿತಿಯವಳಾಗಿ ಸ್ವಚಿತ್ರ’.

ಮೊದಲು ಮಾತಿನ ವಿಚಾರ. ಇಂಗ್ಲೆಂಡಿನ ಕಲಾವಿಮರ್ಶಕ ಕೆನೆತ್ ಕ್ಲಾರ್ಕ್ ೧೯೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಟ್ಟೆ ಕಳೆದುಕೊಂಡ ಮೈಯನ್ನೂ ಕಲೆಯಾಗಿ ಮಾರ್ಪಟ್ಟ ಮೈಯನ್ನೂ ಬೇರೆ ಬೇರೆ ಪದಗಳಿಂದ ಗುರುತಿಸಿದ. ಕನ್ನಡಕ್ಕೆ ಈ ವಿವೇಚನೆಗೆ ಯಾರ ಪಾಠವೂ ಬೇಕಿರಲಿಲ್ಲ. ಬತ್ತಲೆ ಎಂದರೆ ಬಟ್ಟೆಯಿಲ್ಲದಿರುವುದು. ದಿಗಂಬರ ಎಂದರೆ ದಿಕ್ಕುಗಳನ್ನೇ ಉಟ್ಟಿರುವುದು. ಗೊಮ್ಮಟ ಬತ್ತಲೆಯಲ್ಲ, ದಿಗಂಬರ. ಅವನು ರಾಜ್ಯವನ್ನು ಗೆದ್ದು, ಗೆದ್ದುದನ್ನು ಬಿಟ್ಟು, ಬಟ್ಟೆಯನ್ನೂ ಬಿಟ್ಟವನು. ಅವನಿಂದ ಯಾರೂ ಏನನ್ನೂ ಕಸಿದಿಲ್ಲ. ಮದನಿಕೆಯ ಬರಿಮೈಯಲ್ಲಿ ಆಟವಿದೆ, ಲಜ್ಜಾಗೌರಿಯ ಬರಿಮೈಯಲ್ಲಿ ಫಲವಂತಿಕೆಯಿದೆ. ಈ ಮೂರರಲ್ಲಿ ಯಾವುದೂ ‘ಇವರು ನಾಗರಿಕತೆ ಅರಿಯದವರು, ಆದ್ದರಿಂದ ಹೀಗಿದ್ದಾರೆ’ ಎಂದು ಹೇಳುವುದಿಲ್ಲ. ಆ ಮಾತನ್ನು ಹೇಳಿದ್ದು ಬೇರೊಂದು ಬಗೆಯ ನಗ್ನಚಿತ್ರ. ಅದನ್ನು ಆದಿಮವಾದದ ಚಿತ್ರವೆನ್ನೋಣ.

ಈ ಆದಿಮವಾದದ ಮೂಲಪುರುಷ ಪಾಲ್ ಗೋಗ್ಯಾನ್. ಯೂರೋಪಿನ ನಾಗರಿಕತೆ ಕೊಳೆತಿದೆ, ಮನುಷ್ಯನ ಆದಿಸ್ಥಿತಿಯನ್ನು ದೂರದ ದ್ವೀಪದಲ್ಲಿ ಹುಡುಕಬೇಕೆಂದು ಆತ ೧೮೯೧ರಲ್ಲಿ ಹಡಗು ಹತ್ತಿ ಶಾಂತಸಾಗರದ ತಾಹಿತಿಗೆ ಹೋದ. ಅಲ್ಲಿ ಅವನಿಗೆ ಕಂಡದ್ದು ಆದಿಸ್ಥಿತಿಯಲ್ಲ. ತಾಹಿತಿ ೧೮೮೦ರಿಂದಲೇ ಫ್ರಾನ್ಸಿನ ವಸಾಹತಾಗಿತ್ತು. ಅದಕ್ಕೂ ಬಹಳ ಮೊದಲೇ ಪಾದ್ರಿಗಳು ಬಂದು, ಅಲ್ಲಿನ ಹೆಂಗಸರಿಗೆ ಕತ್ತಿನಿಂದ ಕಾಲಿನವರೆಗೆ ಇಳಿಬೀಳುವ ದೊಗಲೆ ನಿಲುವಂಗಿ ತೊಡಿಸಿದ್ದರು. ಗೋಗ್ಯಾನ್ ತನ್ನ ಚಿತ್ರಗಳಲ್ಲಿ ಆ ನಿಲುವಂಗಿಯನ್ನು ಅನೇಕ ವೇಳೆ ಕಳಚಿಟ್ಟ. ತಾನು ಹುಡುಕಿಕೊಂಡು ಹೋದದ್ದು ಕಾಣದಿದ್ದಾಗ ಅದನ್ನು ಬಣ್ಣದಲ್ಲಿ ಕಟ್ಟಿಕೊಂಡ. ಬಣ್ಣ ಮಾತ್ರ ಅದ್ಭುತವಾದ ಬಣ್ಣ. ಅದರಲ್ಲಿ ಎರಡು ಮಾತಿಲ್ಲ. ನೆರಳು ಬೆಳಕಿನ ನಯವನ್ನು ಬಿಟ್ಟು ಚಪ್ಪಟೆಯಾದ ಗಾಢ ವರ್ಣಗಳನ್ನು ಪಕ್ಕಪಕ್ಕದಲ್ಲಿ ಇಡುವ ಅವನ ರೀತಿ ಮುಂದಿನ ಚಿತ್ರಕಲೆಯ ದಾರಿಯನ್ನೇ ತಿರುಗಿಸಿತು.

ಅವನ ನಂತರ ೧೯೦೭ರಲ್ಲಿ ಮಾತಿಸ್ ‘ನೀಲಿ ನಗ್ನೆ’ಯನ್ನು ಬರೆದ; ಅದೇ ವರ್ಷ ಪಿಕಾಸೋ ‘ಅವಿನ್ಯೋನಿನ ಹೆಂಗಸರ’ನ್ನು ಬರೆದು, ಐವರಲ್ಲಿ ಇಬ್ಬರ ಮುಖಕ್ಕೆ ಆಫ್ರಿಕದ ಮುಖವಾಡಗಳಂಥ ರೂಪ ಕೊಟ್ಟ. ಮಾತಿಸನ ಚಿತ್ರದ ಪ್ರತಿಕೃತಿಯನ್ನು ೧೯೧೩ರಲ್ಲಿ ಷಿಕಾಗೋದ ಕಲಾವಿದ್ಯಾರ್ಥಿಗಳು ಸುಟ್ಟರು. ಹೆಣ್ಣನ್ನು ಕುರೂಪ ಮಾಡಿದ್ದಾರೆಂಬುದು ಅಂದಿನವರ ಆಕ್ರೋಶ. ಆ ಮುಖವಾಡಗಳನ್ನು ಕಡೆದವರು ಯಾರು, ಅವು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಯಾವ ಆಳ್ವಿಕೆಯ ಬಲದಿಂದ ಬಂದವು ಎಂಬ ಪ್ರಶ್ನೆಗಳು ದೊಡ್ಡದಾಗಿ ಕೇಳಿಬಂದದ್ದು ಬಹಳ ತಡವಾಗಿ.

ಇಂಥ ಪ್ಯಾರಿಸ್ಸಿಗೆ ಅಮೃತಾ ೧೯೨೯ರಲ್ಲಿ ಬಂದಳು. ಆಗ ಅವಳಿಗೆ ಹದಿನಾರು ವರ್ಷ. ೧೯೧೩ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವಳು. ತಂದೆ ಉಮ್ರಾವ್ ಸಿಂಗ್ ಪಂಜಾಬಿನ ಮಜೀಠಿಯ ಮನೆತನದ ವಿದ್ವಾಂಸ, ತಾಯಿ ಹಂಗೆರಿಯ ಗಾಯಕಿ. ಸಿಮ್ಲಾದಲ್ಲಿ ಬೆಳೆದು, ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಲ್ಯೂಸಿಯಾಂ ಸಿಮೋನನ ಕೈಕೆಳಗೆ ಕಲಿತಳು. ಅಲ್ಲಿ ನಗ್ನಚಿತ್ರವೆಂಬುದು ದಿನನಿತ್ಯದ ಅಭ್ಯಾಸ, ನಮ್ಮ ಸಂಗೀತ ವಿದ್ಯಾರ್ಥಿಗೆ ಸರಳೆ ಜಂಟಿವರಸೆಗಳಿದ್ದಂತೆ. ಕೂಲಿಗಾಗಿ ಬಂದು ಕೂರುವ ರೂಪದರ್ಶಿಗಳನ್ನು ಅವಳು ಬರೆದಳು. ನಿದ್ರಿಸುತ್ತಿರುವ ತಂಗಿ ಇಂದಿರೆಯನ್ನು ಬರೆದಳು. ‘ತರುಣಿಯರು’ ಎಂಬ ಅವಳ ಚಿತ್ರಕ್ಕೆ ೧೯೩೩ರಲ್ಲಿ ಅಲ್ಲಿನ ವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. ಹೀಗೆ ಇಪ್ಪತ್ತು ವರ್ಷಕ್ಕೇ ಪ್ಯಾರಿಸ್ಸಿನ ಮನ್ನಣೆ ಪಡೆದವಳು ಮರುವರ್ಷ ಬಟ್ಟೆಯನ್ನು ಅರೆ ಕಳೆದು ತನ್ನನ್ನೇ ಗೋಗ್ಯಾನನ ಹುಡುಗಿಯಂತೆ ಚಿತ್ರಿಸಿಕೊಂಡಳು. ಇದಕ್ಕೆ ಅರ್ಥವೇನು?

ಚಿತ್ರವನ್ನು ನೋಡೋಣ. ತೈಲವರ್ಣದ ಕೃತಿ; ೯೦ ಸೆಂಟಿಮೀಟರ್ ಎತ್ತರ, ೫೬ ಸೆಂಟಿಮೀಟರ್ ಅಗಲ. ಈಗ ದೆಹಲಿಯ ಕಿರಣ್ ನಾಡರ್ ಕಲಾಸಂಗ್ರಹಾಲಯದಲ್ಲಿದೆ. ಕಂದು ಮೈಬಣ್ಣದ ತರುಣಿ ತೊಡೆಯ ಮಟ್ಟದವರೆಗೆ ಕಾಣುವಂತೆ ನಿಂತಿದ್ದಾಳೆ. ಸೊಂಟಕ್ಕೊಂದು ಬಿಳಿಯ ವಸ್ತ್ರ. ಅದರ ಮೇಲೆ ಏನೂ ಇಲ್ಲ. ಕಪ್ಪು ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದೆ. ಮುಖ ಪಕ್ಕಕ್ಕೆ ತಿರುಗಿದೆ, ಕಣ್ಣು ನಮ್ಮ ಮೇಲಿಲ್ಲ. ತುಟಿಯಲ್ಲಿ ನಗೆಯಿಲ್ಲ. ಎರಡು ಕೈಗಳೂ ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಬಂದು ನಿಂತಿವೆ. ಹಿಂದಿನ ಗೋಡೆಯಲ್ಲಿ ಜಪಾನೀ ಅಚ್ಚುಚಿತ್ರಗಳನ್ನು ನೆನಪಿಗೆ ತರುವ ಸಣ್ಣ ಆಕೃತಿಗಳು. ಇವೆಲ್ಲವುಗಳ ನಡುವೆ, ಹುಡುಗಿಯ ಹಿಂದೆ, ಅವಳಿಗಿಂತ ಎತ್ತರವಾದ ಒಂದು ಗಂಡಿನ ನೆರಳು.

ನನ್ನಲ್ಲಿರುವುದು ಈ ಚಿತ್ರದ ಒಂದು ಅಚ್ಚು. ಅದನ್ನು ಊರಿನಲ್ಲಿ ನನ್ನ ಸೋದರತ್ತೆಯೊಬ್ಬರು ಒಮ್ಮೆ ಕೈಗೆತ್ತಿಕೊಂಡು ನೋಡಿದರು. ನಾಚಲೂ ಇಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ನೋಡಿ, ‘ಈ ಮಗೀಗೆ ಅಲ್ಲಿ ನಿಂತ್ಕೊಳ್ಳಕ್ಕೆ ಇಷ್ಟ ಇಲ್ಲ ಕಣಪ್ಪ, ಯಾರೋ ನಿಲ್ಸಿದಂಗೈತೆ’ ಎಂದರು. ಗೋಗ್ಯಾನನ ಹೆಸರನ್ನೂ ಕೇಳದವರು ಹೇಳಿದ ಈ ಮಾತು ಆ ಚಿತ್ರದ ವಿಚಾರದಲ್ಲಿ ನಾನು ಓದಿದ ಅನೇಕ ಪುಟಗಳಿಗಿಂತ ನೇರವಾಗಿದೆ. ಅತ್ತೆ ನೋಡಿದ್ದು ಎದೆಯನ್ನಲ್ಲ, ಕೈಗಳನ್ನು. ಆ ಕೈಗಳು ಏನನ್ನೂ ನೀಡುವುದಿಲ್ಲ; ಹಣ್ಣಿನ ತಟ್ಟೆ ಹಿಡಿದಿಲ್ಲ, ಹೂವು ಹಿಡಿದಿಲ್ಲ. ಗೋಗ್ಯಾನನ ಪ್ರಸಿದ್ಧ ಚಿತ್ರವೊಂದರಲ್ಲಿ ತಾಹಿತಿಯ ಹೆಣ್ಣು ಎದೆಯ ಕೆಳಗೆ ಕೆಂಪು ಹೂಗಳ ತಟ್ಟೆ ಹಿಡಿದು ನಿಂತಿದ್ದಾಳೆ. ನೋಡುವವನಿಗೆ ತಟ್ಟೆಯೂ ಮೈಯೂ ಒಂದೇ ನೈವೇದ್ಯ. ಅಮೃತಾ ಆ ತಟ್ಟೆಯನ್ನು ತೆಗೆದುಹಾಕಿ ಬರಿಗೈಗಳನ್ನು ಮುಂದೆ ಅಡ್ಡ ಇಟ್ಟಳು. ಮೈ ತೆರೆದಿದೆ, ಆದರೆ ಮನಸ್ಸು ಬಾಗಿಲು ಹಾಕಿಕೊಂಡಿದೆ.

ಇನ್ನು ಆ ನೆರಳು. ಗೋಗ್ಯಾನ್ ೧೮೯೨ರಲ್ಲಿ ಬರೆದ ‘ಮನಾವೋ ತುಪಪಾವು’ ಎಂಬ ಚಿತ್ರದಲ್ಲಿ ತೆಹಾಮಾನಾ ಎಂಬ ಹುಡುಗಿ ಹಾಸಿಗೆಯ ಮೇಲೆ ಬೋರಲಾಗಿ, ಬತ್ತಲೆಯಾಗಿ, ಬೆದರಿ ಮಲಗಿದ್ದಾಳೆ. ಅವಳಿಗೆ ಹದಿಮೂರೋ ಹದಿನಾಲ್ಕೋ ವರ್ಷ. ಚಿತ್ರಕಾರ ಅವಳನ್ನು ತನ್ನ ಹೆಂಡತಿಯೆಂದು ಕರೆದುಕೊಂಡಿದ್ದ. ಅವಳ ಹಿಂದೆ ಕಪ್ಪು ಮುಸುಕಿನ ಪ್ರೇತವೊಂದು ಕುಳಿತಿದೆ. ಹುಡುಗಿ ಬೆದರಿದ್ದು ಕತ್ತಲೆಗೆ, ಸತ್ತವರ ಪ್ರೇತಕ್ಕೆ ಎಂದು ಗೋಗ್ಯಾನನ ವಿವರಣೆ. ಕೋಣೆಯೊಳಗೆ ಬಂದವನು ತಾನೇ ಎಂಬುದನ್ನು ಅವನು ಬರೆದನಾದರೂ, ಅವಳ ಭಯದ ಹೊಣೆಯನ್ನು ಅವಳ ಮೂಢನಂಬಿಕೆಯ ತಲೆಗೆ ಕಟ್ಟಿದ. ಅಮೃತಾಳ ಚಿತ್ರದಲ್ಲಿ ಪ್ರೇತವಿಲ್ಲ. ಅದರ ಜಾಗದಲ್ಲಿ ಒಬ್ಬ ಗಂಡಸು ನಿಂತಿದ್ದಾನೆ, ನೆರಳಾಗಿ. ಇದು ಬಹಳ ದೊಡ್ಡ ತಿದ್ದುಪಡಿ. ಬರಿಮೈಯ ಹುಡುಗಿಯ ಮುಖ ಬಿಗಿದುಕೊಂಡಿರುವುದಕ್ಕೆ ಕಾರಣ ಅವಳ ಜನಾಂಗದ ಕತೆಗಳಲ್ಲಿಲ್ಲ, ಅದೇ ಕೋಣೆಯಲ್ಲಿದೆ ಎಂದು ಈ ನೆರಳು ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬೇಕು. ಏಳದಿದ್ದರೆ ನಾವು ನ್ಯಾಯವಂತರಲ್ಲ. ಅಮೃತಾ ತಾಹಿತಿಯವಳಲ್ಲ, ಆ ದ್ವೀಪವನ್ನು ಕಂಡವಳೂ ಅಲ್ಲ. ಗೋಗ್ಯಾನ್ ಹಡಗಿನಲ್ಲಿ ಹೋಗಿ ತಂದ ವೇಷವನ್ನು ಇವಳು ಪ್ಯಾರಿಸ್ಸಿನಲ್ಲಿ ಕುಳಿತೇ ತೊಟ್ಟಳು. ತಾಹಿತಿಯ ನಿಜವಾದ ಹೆಣ್ಣಿಗೆ ಈ ಚಿತ್ರದಲ್ಲೂ ಮಾತಿಲ್ಲ. ಮೇಲಾಗಿ ಇವಳು ಸಿರಿವಂತರ ಮನೆಯ ಮಗಳು. ಬೇಕಾದಾಗ ಬಟ್ಟೆ ತೊಟ್ಟು ಹೊರಗೆ ಹೋಗಬಲ್ಲವಳು. ತೆಹಾಮಾನಾಳಿಗೂ ಕೂಲಿಯ ರೂಪದರ್ಶಿಗೂ ಆ ಸ್ವಾತಂತ್ರ್ಯ ಎಲ್ಲಿತ್ತು? ಈ ಆಕ್ಷೇಪ ನಿಜ. ಚಿತ್ರದ ದೋಷವೂ ಇದೇ. ಹಿನ್ನೆಲೆಯ ಜಪಾನೀ ಆಕೃತಿಗಳು ಕೂಡ ಅಂದಿನ ಪ್ಯಾರಿಸ್ಸಿನ ಅಭಿರುಚಿಯ ಸಾಮಾನುಗಳೇ ಹೊರತು, ಹುಡುಗಿಯ ಮುಖಕ್ಕಿರುವ ಭಾರ ಅವುಗಳಿಗಿಲ್ಲ. ಅವುಗಳನ್ನು ಬಿಟ್ಟಿದ್ದರೆ ಚಿತ್ರಕ್ಕೆ ನಷ್ಟವಾಗುತ್ತಿರಲಿಲ್ಲ.

ಆದರೆ ಆಕ್ಷೇಪ ಅಲ್ಲಿಗೇ ಮುಗಿಯುವುದಿಲ್ಲ. ಇದನ್ನು ಹೇಳಲು ನಮ್ಮ ರಸ್ತೆಯ ಇನ್ನೊಂದು ತುದಿಗೆ ಹೋಗಬೇಕು. ಹೆಬ್ಬೂರಿನಿಂದ ತುಮಕೂರಿಗೆ ಹೋಗುವಾಗ ಗೂಳೂರು ಸಿಕ್ಕುತ್ತದೆ. ಅದರ ಮಗ್ಗುಲಲ್ಲೇ ಕೈದಾಳ. ಹೊಯ್ಸಳ ನರಸಿಂಹನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ನಡುವೆ, ಗೂಳಿಬಾಚಿ ಎಂಬ ಸಾಮಂತ ಅಲ್ಲಿ ದೇವಾಲಯ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಜನ ಹೇಳುವ ಕತೆ ಬೇರೆ. ಬೇಲೂರಿನ ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆಯಿದೆಯೆಂದು ಡಂಕಣ ತೋರಿಸಿಕೊಟ್ಟಾಗ ಜಕಣಾಚಾರಿ ತನ್ನ ಬಲಗೈಯನ್ನು ಕಡಿದುಕೊಂಡ. ಕ್ರೀಡಾಪುರದಲ್ಲಿ ಕೇಶವನ ಮೂರ್ತಿ ಮಾಡಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಈ ಕತೆಯಲ್ಲಿ ಜನರ ಒಂದು ಕಲಾಧರ್ಮವಿದೆ: ರೂಪ ಕಡೆಯುವವನು ತನ್ನ ಮೈಯನ್ನೇ ಪಣವಾಗಿ ಇಡಬೇಕು. ಕೃತಿಯಲ್ಲಿ ತಪ್ಪಾದರೆ ತೆರಬೇಕಾದದ್ದು ಮಾಡಿದವನೇ.

ಗೋಗ್ಯಾನನ ನಗ್ನಚಿತ್ರಗಳಲ್ಲಿ ಪಣಕ್ಕಿಟ್ಟ ಮೈ ಯಾರದು? ಹುಡುಗಿಯದು. ಕೀರ್ತಿ ಯಾರದು? ಚಿತ್ರಕಾರನದು. ಅಮೃತಾ ಈ ಲೆಕ್ಕವನ್ನು ಬದಲಿಸಿದಳು. ಕುಂಚ ಹಿಡಿದ ಕೈಯೂ ಎದುರು ನಿಂತ ಮೈಯೂ ಒಂದೇ ಆಯಿತು. ಅರ್ಧ ಯೂರೋಪಿನವಳಾದ ಅವಳು ಬಿಳಿಯ ಕಲಾವಿದರ ಸಾಲಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳಬಹುದಿತ್ತು. ಅದನ್ನು ಬಿಟ್ಟು, ನೀವು ದೂರದಿಂದ ನೋಡಿ ಬರೆಯುವ ಕಂದು ಮೈ ನನ್ನದೂ ಹೌದು ಎಂದು ಅವರ ನಡುವೆಯೇ ನಿಂತು ತೋರಿಸಿದಳು. ಎರವಲು ವೇಷದಲ್ಲಿಯೇ ಆದರೂ ತನ್ನ ಮೈಯನ್ನೇ ಪಣಕ್ಕಿಟ್ಟದ್ದು ಸುಳ್ಳಲ್ಲ. ಆ ಕಾರಣದಿಂದಲೇ ಈ ಚಿತ್ರ ಬರಿಯ ಅನುಕರಣವಾಗದೆ ಉಳಿಯಿತು.

ಆ ವರ್ಷದ ಕೊನೆಗೆ ಅವಳು ಭಾರತಕ್ಕೆ ಮರಳಿದಳು. ಅಜಂತ ಎಲ್ಲೋರಗಳನ್ನು ಕಂಡು, ಮಟ್ಟಾಂಚೇರಿಯ ಭಿತ್ತಿಚಿತ್ರಗಳನ್ನು ನಕಲು ಮಾಡಿಕೊಂಡು, ಕನ್ಯಾಕುಮಾರಿಯವರೆಗೆ ತಿರುಗಿ, ೧೯೩೭ರಲ್ಲಿ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು’ ಎಂಬ ಮೂರು ಚಿತ್ರಗಳನ್ನು ಬರೆದಳು. ಇವುಗಳಲ್ಲಿ ‘ಬ್ರಹ್ಮಚಾರಿಗಳ’ನ್ನು ಗಮನಿಸಬೇಕು. ಐವರು ವಟುಗಳು ಸೊಂಟದ ಮೇಲೆ ಬಟ್ಟೆಯಿಲ್ಲದೆ ಕುಳಿತಿದ್ದಾರೆ. ಅದನ್ನು ಯಾರೂ ನಗ್ನಚಿತ್ರವೆನ್ನುವುದಿಲ್ಲ. ಗಂಡಿನ ಬರಿಯೆದೆ ಮಡಿ, ಹೆಣ್ಣಿನ ಬರಿಯೆದೆ ಲಜ್ಜೆ ಎಂಬುದು ಪ್ರಕೃತಿ ಮಾಡಿದ ನಿಯಮವಲ್ಲ. ತಿರುವಾಂಕೂರಿನಲ್ಲಿ ಕೆಳಜಾತಿಯೆನಿಸಿಕೊಂಡ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, ೧೮೫೯ರಲ್ಲಿ ರಾಜಾಜ್ಞೆಯ ಮೂಲಕ ಅದನ್ನು ಪಡೆಯಬೇಕಾಯಿತು. ತಾಹಿತಿಯಲ್ಲಿ ಪಾದ್ರಿ ಬಲವಂತವಾಗಿ ಮುಚ್ಚಿಸಿದ. ತಿರುವಾಂಕೂರಿನಲ್ಲಿ ಮೇಲ್ಜಾತಿ ಬಲವಂತವಾಗಿ ತೆರೆಸಿತು. ಎರಡು ಕಡೆಯೂ ತೀರ್ಮಾನ ಆ ಹೆಂಗಸರದಾಗಿರಲಿಲ್ಲ. ಇಷ್ಟು ತಿಳಿದ ಮೇಲೆ ಬರಿಮೈಯನ್ನು ‘ಆದಿಸ್ಥಿತಿ’ ಎಂದು ಕರೆಯಲು ನಾಲಗೆ ಏಳುವುದಿಲ್ಲ.

ಗೋಗ್ಯಾನನ ಬಣ್ಣದ ಪಾಠವನ್ನು ಅಮೃತಾಳ ಮೂಲಕ ಪಡೆದವರಲ್ಲಿ ನಮ್ಮವರೇ ಆದ ಕೆ. ಕೆ. ಹೆಬ್ಬಾರರೂ ಒಬ್ಬರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಅವರು, ಕೇರಳದ ಬದುಕನ್ನು ಕುರಿತು ಬರೆದ ಆರಂಭದ ಚಿತ್ರಗಳಲ್ಲಿ ಈ ಇಬ್ಬರ ಪ್ರಭಾವ ಸ್ಪಷ್ಟವಾಗಿದೆ. ಆದರೆ ಹೆಬ್ಬಾರರಿಗೆ ಹಳ್ಳಿ ದೂರದ ದ್ವೀಪವಾಗಿರಲಿಲ್ಲ. ಅವರ ತಂದೆ ಗಣಪತಿಯ ಮೂರ್ತಿ ಮಾಡುತ್ತಿದ್ದವರು. ಗೂಳೂರಿನ ಕೆರೆಮಣ್ಣಿನಿಂದ ಪ್ರತಿ ವರ್ಷ ಎದ್ದು ನಿಲ್ಲುವ ದೊಡ್ಡ ಗಣಪನನ್ನು ಬಲ್ಲ ನಮಗೆ ಅದರ ಅರ್ಥ ವಿವರಿಸಬೇಕಾಗಿಲ್ಲ. ಮಣ್ಣು ಮೆತ್ತಿದ ಕೈಗೆ ಯಾರೂ ‘ಆದಿಮ’ರಾಗಿ ಕಾಣುವುದಿಲ್ಲ, ದುಡಿಯುವವರಾಗಿ, ಕುಣಿಯುವವರಾಗಿ ಕಾಣುತ್ತಾರೆ. ಹೆಬ್ಬಾರರ ರೇಖೆಯಲ್ಲಿ ಮೈಗಳು ನೋಡಿಸಿಕೊಳ್ಳಲು ನಿಂತಿಲ್ಲ, ತಮ್ಮ ಕೆಲಸದಲ್ಲಿವೆ. ಪಶ್ಚಿಮದಿಂದ ಬಣ್ಣವನ್ನು ತಂದು ದೃಷ್ಟಿಯನ್ನು ಅಲ್ಲಿಯೇ ಬಿಟ್ಟು ಬರುವುದು ಸಾಧ್ಯವೆಂಬುದಕ್ಕೆ ಅವರ ಕೃತಿಗಳೇ ಸಾಕ್ಷಿ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರೆಲ್ಲ ಹಳದಣಕರರ ದೀಪ ಹಿಡಿದ ಹೆಣ್ಣಿನ ಮುಂದೆ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ, ಅದರ ಬೆಳಕು ಸೊಗಸು. ಆದರೆ ಆ ಚಿತ್ರ ನಮ್ಮಿಂದ ಮೆಚ್ಚುಗೆಯ ಹೊರತು ಏನನ್ನೂ ಕೇಳುವುದಿಲ್ಲ. ಅಮೃತಾಳ ಚಿತ್ರ ಕೇಳುತ್ತದೆ. ಅದರ ಪ್ರಶ್ನೆ ನಮಗೆ ಪರಕೀಯವೂ ಅಲ್ಲ. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯ ಸಂಬಂಧವಾಗಿ ೧೯೮೬ರ ಮಾರ್ಚಿಯಲ್ಲಿ ದೊಡ್ಡ ಘರ್ಷಣೆಯಾಗಿ, ಆ ಪದ್ಧತಿ ನಿಷೇಧವಾಯಿತು. ಇದು ಬಡವರ, ದಲಿತರ ಹೆಣ್ಣುಮಕ್ಕಳ ಮಾನದ ಪ್ರಶ್ನೆಯೆಂದು ದಲಿತ ಸಂಘಟನೆಗಳು ವಾದಿಸಿದವು. ಆಧುನಿಕರಾದ ನಾವು ಇನ್ನೊಬ್ಬರ ನಂಬಿಕೆಯನ್ನು ಯಾವ ಅಧಿಕಾರದಿಂದ ತೂಗುತ್ತೇವೆಂದು ಅನಂತಮೂರ್ತಿಯವರು ಕೇಳಿದರು. ಎರಡು ಮಾತುಗಳಿಗೂ ತೂಕವಿದೆ. ನನ್ನನ್ನು ಕಾಡುವುದು ಮೂರನೆಯದು: ಆ ಹೊಳೆಯ ದಂಡೆಗೆ ಕ್ಯಾಮರಾ ಹಿಡಿದು ಹೋದವರ ವಿಚಾರ. ಅವರು ಭಕ್ತರೂ ಅಲ್ಲ, ಸುಧಾರಕರೂ ಅಲ್ಲ. ಪಟಗಳನ್ನು ಮುಖ ಸಿಂಡರಿಸುತ್ತಲೇ ನೋಡಿದ ನಗರದ ನಾವು ಗೋಗ್ಯಾನನಿಗಿಂತ ಎಷ್ಟು ದೂರದಲ್ಲಿದ್ದೆವು?

ಅಮೃತಾ ೧೯೪೧ರಲ್ಲಿ, ಇಪ್ಪತ್ತೆಂಟು ವರ್ಷಕ್ಕೇ, ಲಾಹೋರಿನಲ್ಲಿ ತೀರಿಕೊಂಡಳು. ಅವಳ ‘ಕತೆ ಹೇಳುವವಳು’ ಎಂಬ ಕೃತಿ ೨೦೨೩ರಲ್ಲಿ ೬೧.೮ ಕೋಟಿ ರೂಪಾಯಿಗೆ ಹರಾಜಾದಾಗ ಪತ್ರಿಕೆಗಳೆಲ್ಲ ಬೆಲೆಯನ್ನೇ ಬರೆದವು. ಬೆಲೆಯ ಸುದ್ದಿ ಚಿತ್ರವನ್ನು ನೋಡುವುದಕ್ಕೆ ನೆರವಾಗುವುದಿಲ್ಲ. ನೋಡುವುದನ್ನು ಬೇರೆಯಾಗಿ ಕಲಿಯಬೇಕು.

ಆದ್ದರಿಂದ ಆಧುನಿಕ ನಗ್ನಚಿತ್ರವನ್ನು ಕಂಡಾಗ ನಮಗಾಗುವ ಮುಜುಗರವನ್ನು ಪೂರ್ತಿ ಹಳಿಯಲಾರೆ. ಅದರೊಳಗೆ, ಬೇರೊಬ್ಬರ ಮೈಯನ್ನು ಅವರ ಒಪ್ಪಿಗೆಯಿಲ್ಲದೆ ನೋಡುತ್ತಿದ್ದೇವೆಂಬ ಅರಿವು ಸ್ವಲ್ಪವಾದರೂ ಇರುತ್ತದೆ. ಆದರೆ ಆ ಅರಿವಿನಿಂದ ಹಾಳೆ ಮಗುಚುವುದು ಸುಲಭದ ದಾರಿ. ಈ ಒಂದು ಚಿತ್ರದ ಮುಂದೆಯಾದರೂ ಹಾಳೆಯನ್ನು ಮಗುಚದೆ ಇರಬೇಕೆಂದು ಓದುಗರಲ್ಲಿ ನನ್ನ ಬಿನ್ನಹ. ಮುಖ, ಕೈ, ಆಮೇಲೆ ಗೋಡೆ ಎಂಬ ಕ್ರಮದಲ್ಲಿ ನೋಡಿ. ಹುಡುಗಿಯ ಹಿಂದಿನ ಗೋಡೆಯ ಮೇಲೆ ನೆರಳು ಬೀಳಬೇಕಾದರೆ ಆ ಮನುಷ್ಯ ಅವಳ ಎದುರಿಗೆ, ಚಿತ್ರದ ಹೊರಗೆ ನಿಂತಿರಬೇಕು. ಈಗ ನಾವು ನಿಂತಿರುವುದು ಆ ಜಾಗದಲ್ಲೇ.